ಬಿರಟೆಯಿಲ್ಲದ ಸುಣ್ಣದ ಗೂಡು

ಸುಬ್ರಾಯರಿಗೆ ಈಗ ಎಪ್ಪತ್ತು ದಾಟಿದೆ. ಆದರೂ ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿದರೆ ಸಾಕು, ಹೊಳೆದಂಡೆಯ ಆ ಆಶ್ರಮ, ಗುರುಗಳ ನಗು, ತಾವು ಮಾಡಿದ ಘನಕಾರ್ಯ ಎಲ್ಲ ಒಟ್ಟಿಗೆ ನೆನಪಾಗುತ್ತವೆ. ಆ ದಿನಗಳು ಮತ್ತೆ ಬರುವುದಿಲ್ಲವಲ್ಲ ಅನಿಸುತ್ತದೆ.

ಆಗ ಸುಬ್ರಾಯನಿಗೆ ಇಪ್ಪತ್ತು ವರ್ಷ. ಆಶ್ರಮದ ಗೋಡೆಗೆ ಸುಣ್ಣ ಬೇಕಾಗಿತ್ತು. ಕಪ್ಪೆಚಿಪ್ಪು ಸುಟ್ಟು ಸುಣ್ಣ ಮಾಡುವ ಗಿರಿಯಮ್ಮನಿಗೆ ಅವನೇ ಮುಂದೆ ನಿಂತು ನೂರು ಸೇರು ಚಿಪ್ಪು ತೂಗಿ ಕೊಟ್ಟ. ಚಿಪ್ಪು ಸುಡುವ ಗೂಡು ಆರಿದ ಮೇಲೆ ಸುಣ್ಣವನ್ನೂ ತೂಗಿದ.

ಐವತ್ತಾರೇ ಸೇರು!

ಅಲ್ಲೇ ದಂಡೆಯಲ್ಲಿ, ಪೇಟೆಗೆ ಹೋಗುವ ಬೆಳಗಿನ ದೋಣಿ ಹತ್ತಲು ಜನ ನಿಂತಿದ್ದರು. ಅಷ್ಟೂ ಜನರ ಮುಂದೆ ಸುಬ್ರಾಯ ಗಿರಿಯಮ್ಮನನ್ನು ಕಳ್ಳಿ ಎಂದುಬಿಟ್ಟ. ಅವಳು ಬುಟ್ಟಿಯನ್ನು ಅಲ್ಲೇ ಬಿಟ್ಟು ಮನೆಗೆ ಹೋದಳು.

ಅವನು ಎದೆಯುಬ್ಬಿಸಿಕೊಂಡು ಗುರುಗಳ ಬಳಿ ಬಂದ.

"ನಲವತ್ತನಾಲ್ಕು ಸೇರು ನುಂಗಿದ್ದಾಳೆ, ಗುರುಗಳೇ."

"ಅಷ್ಟು ನುಂಗಿಯೂ ಅಷ್ಟು ತೆಳ್ಳಗಿದ್ದಾಳಲ್ಲ!" ಎಂದರು ಗುರುಗಳು. "ಔಷಧಿ ತೂಗುವ ತಕ್ಕಡಿ ತಾ."

ಒಂದು ತಟ್ಟೆಯಲ್ಲಿ ನಿಂಬೆರಸದ ಸೀಸೆ, ಅದರ ಬಿರಟೆ, ಚಿಟಿಕೆ ಚಿಪ್ಪಿನ ಪುಡಿ ಇಟ್ಟರು. ಇನ್ನೊಂದರಲ್ಲಿ ಸರಿಸಮನಾಗಿ ತೂಕದ ಬಟ್ಟುಗಳನ್ನಿಟ್ಟರು. ಪುಡಿಯನ್ನು ರಸಕ್ಕೆ ಸುರಿದು ತಕ್ಷಣ ಬಿರಟೆ ಒತ್ತಿದರು.

ಸೀಸೆಯೊಳಗೆ ನೊರೆ ಉಕ್ಕಿತು. ಪುಡಿ ಕರಗಿ ಮಾಯವಾಯಿತು. ತಕ್ಕಡಿ ಮಾತ್ರ ಅಲುಗಲಿಲ್ಲ.

"ಈಗ ಬಿರಟೆ ತೆಗೆದು ತಟ್ಟೆಯಲ್ಲೇ ಇಡು."

ಸುಬ್ರಾಯ ತೆಗೆದ. ಬುಸ್ಸೆಂದಿತು. ಸೀಸೆಯಿದ್ದ ತಟ್ಟೆ ಮೆಲ್ಲಗೆ ಮೇಲೆದ್ದಿತು.

"ಏನು ಹೋಯಿತು?"

"ಗಾಳಿ."

"ಎಲ್ಲಿತ್ತು ಅದು?"

ಸುಬ್ರಾಯ ತಡವರಿಸಿದ. "ಚಿಪ್ಪಿನಲ್ಲೇ ಇತ್ತು ಅಂತ ಕಾಣುತ್ತದೆ."

"ಹಾಕಿದ್ದನ್ನೆಲ್ಲ ಒಂದು ಕಡೆ ಇಟ್ಟರೆ, ಬಂದದ್ದನ್ನೆಲ್ಲ ಇನ್ನೊಂದು ಕಡೆ ಇಡಬೇಕು. ಕಣ್ಣಿಗೆ ಕಾಣದ್ದನ್ನೂ ಸೇರಿಸಿ. ಗಿರಿಯಮ್ಮನ ಗೂಡಿಗೆ ಬಿರಟೆ ಇದೆಯೇನಪ್ಪಾ?"

ಸುಬ್ರಾಯನ ಮುಖ ಸುಟ್ಟಂತಾಯಿತು. ಬೆಂಕಿಯ ಕಾವಿಗೆ ಚಿಪ್ಪಿನೊಳಗಿನ ಅಷ್ಟೂ ಗಾಳಿ ಹೊರಗೆ ಹೋಗುವಾಗ ಅವನು ಗೂಡಿನ ಪಕ್ಕದಲ್ಲೇ ಕಾವಲು ಕೂತಿದ್ದ.

ಅವನು ಗಿರಿಯಮ್ಮನನ್ನು ಹುಡುಕಿಕೊಂಡು ಓಡಿದ. ಮಧ್ಯಾಹ್ನ ಕಳೆದ ಮೇಲೆ ಮನಸ್ಸು ಹಗುರ ಮಾಡಿಕೊಂಡು ವಾಪಸು ಬಂದ.

"ಕಾಲು ಹಿಡಿದು ತಪ್ಪಾಯಿತು ಅಂದೆ, ಗುರುಗಳೇ. 'ಹೋಗಲಿ ಬಿಡಿ ಅಯ್ಯಾ' ಅಂದಳು. ಎಲ್ಲ ಸರಿಹೋಯಿತು."

"ಸುಣ್ಣ ಸುಡಲು ಬರುತ್ತಾಳೋ?"

"ಇಲ್ಲ. ಇನ್ನು ಈ ದಂಡೆಯಲ್ಲಿ ತಲೆಯೆತ್ತಿ ಓಡಾಡಲಾರೆ ಅಂದಳು."

ಗುರುಗಳು ತಕ್ಕಡಿಯನ್ನು ಒರೆಸುತ್ತ ಕೇಳಿದರು: "ಕಳ್ಳಿ ಅಂದದ್ದು ಎಲ್ಲಿ?"

"ದೋಣಿಯ ಹತ್ತಿರ. ಎಲ್ಲರ ಮುಂದೆ."

"ತಪ್ಪಾಯಿತು ಅಂದದ್ದು?"

ಸುಬ್ರಾಯ ತಲೆ ತಗ್ಗಿಸಿದ. "ಅವಳ ಮನೆಯ ಹಿತ್ತಿಲಲ್ಲಿ."

ಗುರುಗಳು ಹೊಳೆಯ ಕಡೆ ನೋಡಿದರು.

"ಪೇಟೆಗೆ ಹೋದ ಅದೇ ಜನ ಸಂಜೆಯ ದೋಣಿಗೆ ವಾಪಸು ಬರುತ್ತಾರೆ. ನಡೆ, ಹೊತ್ತಾಯಿತು."