ಮುಂದಿನವರ ಬಾವಿ

ಕಾನೂನು ಕಾಲೇಜಿನ ಯುವ ಅಧ್ಯಾಪಕಿ ನೀಲಾಂಬಿಕೆ ಏದುಸಿರು ಬಿಡುತ್ತಾ ಬಂದು ತನ್ನ ಗುರುಗಳನ್ನು ಕೇಳಿದಳು: "ಸರ್, ಹಳೆಯ ತೀರ್ಪುಗಳಲ್ಲಿ ಇದುವರೆಗೆ ಯಾರೂ ಕಾಣದ ಅರ್ಥವೊಂದು ನನಗೆ ಸಿಕ್ಕಿದೆ. ಈಗಲೇ ಎಲ್ಲರೂ ಓದುವಂತೆ ತೆರೆದಿಡಲೇ? ಇಲ್ಲವೇ ದೊಡ್ಡ ಪತ್ರಿಕೆಯಲ್ಲಿ ನನ್ನ ಹೆಸರಿನಲ್ಲಿ ಅಚ್ಚಾಗುವವರೆಗೆ ಮುಚ್ಚಿಡಲೇ?"

ಗುರುಗಳು ಕುಳಿತುಕೋ ಎಂದರು. ಅವಳಿಂದ ಕೂರಲಾಗಲಿಲ್ಲ. ಅವರು ಹೇಳತೊಡಗಿದರು.

ಒಂದು ಊರಿನಲ್ಲಿ ಒಂದು ಬಾವಿಯಿತ್ತು. ಅದರ ಕಲ್ಲಿನ ಮೇಲೆ ಒಂದೇ ಸಾಲು: 'ಈ ಬಾವಿ ಮುಂದಿನವರದು.' ಬೇರೇನೂ ಕೆತ್ತಿರಲಿಲ್ಲ. ಬಾವಿಯ ಮುಂದೆ ವರ್ತಕರ ಮನೆಗಳು, ಹಿಂದೆ ಕುಂಬಾರರ ಕೇರಿ. ಬೇಸಿಗೆಯಲ್ಲಿ ನೀರು ತಳ ಕಂಡಾಗ ವರ್ತಕರು ಕಲ್ಲನ್ನು ತೋರಿಸಿ, ಮುಂದಿನವರು ನಾವು, ನೀವು ಹಿಂದಿನವರು ಎಂದು ಕುಂಬಾರರ ಹಗ್ಗ ಕಿತ್ತುಕೊಂಡರು. ವ್ಯಾಜ್ಯ ನ್ಯಾಯಾಧಿಕಾರಿಯ ಬಳಿಗೆ ಹೋಯಿತು.

ಅದೇ ಊರಿನಲ್ಲಿ ಧರ್ಮಶಾಸ್ತ್ರದ ಪಂಡಿತನೊಬ್ಬನಿದ್ದ. ಹಳೆಯ ಶಾಸನಗಳನ್ನು ಓದುತ್ತಿದ್ದವನು ಥಟ್ಟನೆ ಎದ್ದು ನಿಂತ. ಹಿಂದಿನ ಕಾಲದವರು 'ಮುಂದಿನವರು' ಎಂದದ್ದು ಎದುರು ಮನೆಯವರಿಗಲ್ಲ, ಮುಂದೆ ಹುಟ್ಟಿಬರುವ ಎಲ್ಲರಿಗೆ. ಆ ಸಂತೋಷದಲ್ಲಿ ಅವನಿಗೆ ಊಟ ಸೇರಲಿಲ್ಲ. ಹೆಂಡತಿ ಎಚ್ಚರಿಸಿದಳು: ನವರಾತ್ರಿಯ ವಿದ್ವತ್ಸಭೆಯಲ್ಲಿ ಹೇಳಿದರೆ ನಿಮಗೆ ಶಾಲು ಹೊದಿಸುತ್ತಾರೆ, ಈಗಲೇ ಹೇಳಿದರೆ ಆ ಶಾಲನ್ನು ಬೇರೆ ಯಾರೋ ಹೊದ್ದುಕೊಳ್ಳುತ್ತಾರೆ. ಅವನಿಗೂ ಹೌದೆನಿಸಿತು.

ಅಷ್ಟರಲ್ಲಿ ಒಬ್ಬ ಕುಂಬಾರ್ತಿ ಬಾಗಿಲಿಗೆ ಬಂದಳು. ನಾಳೆ ತೀರ್ಪು, ಕಲ್ಲಿನ ಮಾತಿಗೆ ಬೇರೆ ಅರ್ಥವೇನಾದರೂ ಉಂಟೇ ಎಂದು ಕೇಳಿದಳು.

"ನವರಾತ್ರಿಯವರೆಗೆ ತಾಳಮ್ಮ."

"ನಾನು ತಾಳ್ತೀನಿ ಬುದ್ಧಿ. ಕಲಸಿಟ್ಟ ಮಣ್ಣಿಗೂ ತಾಳು ಅಂತ ನೀವೇ ಬಂದು ಹೇಳಿ."

ಪಂಡಿತ ನಕ್ಕುಬಿಟ್ಟ. ಬರೆದದ್ದನ್ನೆಲ್ಲ ಎತ್ತಿಕೊಂಡು ಬರಿಗಾಲಲ್ಲಿ ಬಾವಿಕಟ್ಟೆಗೆ ಓಡಿದ. ಗಟ್ಟಿಯಾಗಿ ಓದಿದ. ಬೇಕಾದವರು ನಕಲು ಮಾಡಿಕೊಳ್ಳಿ, ತಪ್ಪಿದ್ದರೆ ತೋರಿಸಿ ಎಂದ. ಒಬ್ಬ ವರ್ತಕ ತೋರಿಸಿಯೂ ಬಿಟ್ಟ: ಬೇರೆ ಕಲ್ಲುಗಳ ಅರ್ಥ ಈ ಕಲ್ಲಿಗೂ ಸಲ್ಲುತ್ತದೆ ಎನ್ನಲು ಆಧಾರವೇನು?

ಪಂಡಿತ ತನ್ನ ಬರಹವನ್ನು ಮತ್ತೆ ತಿರುವಿ ಹುಡುಕತೊಡಗಿದ. ಆಗ ಎತ್ತಿಗೆ ನೀರು ಕುಡಿಸಲು ನಿಂತಿದ್ದ ಉಪ್ಪಿನ ವ್ಯಾಪಾರಿಯೊಬ್ಬ ಗುಂಪನ್ನು ಸೀಳಿಕೊಂಡು ಬಂದ. ಕಾಡುದಾರಿಯ ಬಾವಿಯಲ್ಲೂ ಇದೇ ಅಕ್ಷರದ ಇದೇ ಸಾಲಿದೆ, ಅಲ್ಲಿ ಮುಂದೆಯೂ ಮನೆಯಿಲ್ಲ ಹಿಂದೆಯೂ ಮನೆಯಿಲ್ಲ, ಹಾಗಾದರೆ ಆ ಬಾವಿ ಹುಲಿಯದೇ ಎಂದು ಕೇಳಿದ. ವರ್ತಕರ ಮನೆಯ ಹೆಂಗಸರೂ ನಕ್ಕರು.

ನ್ಯಾಯಾಧಿಕಾರಿ ಆಳು ಕಳಿಸಿ ಆ ಕಲ್ಲನ್ನು ನೋಡಿಸಿದ. ಕುಂಬಾರರಿಗೆ ಹಗ್ಗ ಮರಳಿತು. ಆ ಬರಹದ ನಕಲು ಊರಿಂದೂರಿಗೆ ಹೋಗಿ, ಹೋದಲ್ಲೆಲ್ಲ ಒಂದೊಂದು ಬಾವಿ ತೆರೆಯಿತು. ನವರಾತ್ರಿಯಲ್ಲಿ ಇನ್ನೊಬ್ಬ ವಿದ್ವಾಂಸ ಅದನ್ನೇ ಒಪ್ಪಿಸಿ ಶಾಲು ಹೊದ್ದುಕೊಂಡ.

ನೀಲಾಂಬಿಕೆಗೆ ತಡೆಯಲಾಗಲಿಲ್ಲ. "ಅಷ್ಟೆಲ್ಲ ಮಾಡಿದವನ ಹೆಸರೇ ಉಳಿಯಲಿಲ್ಲವಲ್ಲ ಸರ್. ಏನು ಅವನ ಹೆಸರು?"

ಗುರುಗಳು ಹೇಳಿದರು: "ಬಾವಿ ತೋಡಿಸಿದವನ ಹೆಸರನ್ನು ನೀನು ಕೇಳಲೇ ಇಲ್ಲವಲ್ಲಮ್ಮ."