ಕೆಂಚವ್ವನ ಸಂದು

ಊರಿನ ಪಡುವಣಕ್ಕೆ, ಎರಡು ಗುಡ್ಡಗಳ ನಡುವೆ, ನೀರಿಲ್ಲದ ಕೆರೆಯ ಏರಿಯೊಂದು ಇಂದಿಗೂ ನಿಂತಿದೆ. ಏರಿಯೆಂದರೆ ಎರಡು ತುಂಡು. ನಡುವೆ ಗಾಡಿ ಹಾಯುವಷ್ಟು ಬಾಯಿ. ಅದಕ್ಕೆ ಕೆಂಚವ್ವನ ಸಂದು ಎಂದು ಹೆಸರು. ಕೆರೆಗೆ ಆಹುತಿಯಾದ ಪುಣ್ಯವತಿ ಎಂದು ಕೈಮುಗಿಯುವವರೂ ಇದ್ದಾರೆ. ಆಹುತಿಯಂತೆ, ಆಹುತಿ! ಅವಳನ್ನು ಯಾರೂ ಆಹುತಿ ಕೊಡಲಿಲ್ಲ. ಅವಳಿಗೆ ಯಾರೂ ಒಂದು ಬುಟ್ಟಿ ಮಣ್ಣು ಕೊಡಲಿಲ್ಲ, ಅಷ್ಟೇ.

ಹಿಂದೆ ಒಮ್ಮೆ ಊರಗೌಡ ಈ ಕೆರೆ ಕಟ್ಟಿಸಲು ಹೊರಟಾಗ, ಕೆಲಸಕ್ಕೆ ಬಂದವರನ್ನು ಸಾಲಾಗಿ ನಿಲ್ಲಿಸಿ, ಒಬ್ಬರಿಗೆ ಕರಿದಾರ, ಪಕ್ಕದವರಿಗೆ ಬಿಳಿದಾರ ಎಂದು ಮುಂಗೈಗೆ ಕಟ್ಟಿಸಿದನಂತೆ. ಅಂಬಲಿ ಹಂಚುವಾಗ ಗೊಂದಲವಾಗದಿರಲಿ ಎಂಬುದಕ್ಕಿಂತ ಹೆಚ್ಚಿನದೇನೂ ಅವನ ತಲೆಯಲ್ಲಿರಲಿಲ್ಲ ಎನ್ನುತ್ತಾರೆ. ಅಕ್ಕಪಕ್ಕ ನಿಂತಿದ್ದ ಅಕ್ಕತಂಗಿಯರಲ್ಲಿ ಅಕ್ಕ ಮಾಳವ್ವನಿಗೆ ಕರಿದಾರ ಬಂತು, ತಂಗಿ ಕೆಂಚವ್ವನಿಗೆ ಬಿಳಿದಾರ. ಕರಿದಾರದವರು ಬಡಗಣ ಗುಡ್ಡದಿಂದ, ಬಿಳಿದಾರದವರು ತೆಂಕಣ ಗುಡ್ಡದಿಂದ ಏರಿ ಹಾಕುತ್ತ ಬಂದು ನಡುವೆ ಕೂಡಬೇಕು. ಮೊದಲ ದಿನ ಇಬ್ಬರೂ ದಾರ ನೋಡಿಕೊಂಡು ನಕ್ಕಿದ್ದರು. ವಾರ ಕಳೆಯುವುದರೊಳಗೆ ಮಾಳವ್ವನಿಗೆ ಬಿಳಿದಾರದವರೆಲ್ಲ ಮೈಗಳ್ಳರಾಗಿ ಕಂಡರು. ಆಮೇಲೆ ಅವರ ಅಂಬಲಿ ಗಟ್ಟಿ, ತಮ್ಮದು ನೀರು ಎನ್ನಿಸಿತು. ಎರಡೂ ಒಂದೇ ಹಂಡೆಯದು! ತಮ್ಮವರು ಬುಟ್ಟಿ ಕದ್ದರೆ ಪಾಪ, ಮರೆತು ಒಯ್ದರು. ಬಿಳಿದಾರದವರು ಕದ್ದರೆ ಅದು ಹುಟ್ಟುಗುಣ. ಯಾವ ಹುಟ್ಟು, ತಾಯಿ? ದಾರ ಕಟ್ಟಿ ಒಂದು ಬೇಸಿಗೆಯೂ ಮುಗಿದಿರಲಿಲ್ಲ.

ಮಳೆಗಾಲಕ್ಕೆ ಮುಂಚೆ ಎರಡು ತುಂಡೂ ಎದುರುಬದುರು ಬಂದವು. ನಡುವಿನ ಸಂದಿಗೆ ಜೇಡಿಮಣ್ಣು ತುಂಬಿ ಎರಡೂ ಕಡೆಯವರು ಒಟ್ಟಿಗೆ ತುಳಿದರೆ ಮಾತ್ರ ಏರಿ ಒಂದಾಗುತ್ತದೆ. ಜೇಡಿ ಸಿಗುತ್ತಿದ್ದದ್ದು ಬಡಗಣ ಕಡೆ. ತಾವು ಅಗೆದದ್ದನ್ನು ಅವರಿಗೇಕೆ ಕೊಡಬೇಕು ಎಂದರು ಕರಿದಾರದವರು. ಇಂಥವರ ಜೊತೆ ಕಾಲು ಕೂಡಿಸುವುದಿಲ್ಲ ಎಂದರು ಬಿಳಿದಾರದವರು. ಸಂದಿಗೆ ಬರೀ ಮರಳುಮಣ್ಣು ಬಿತ್ತು. ದೊಡ್ಡ ಮಳೆ ಹೊಯ್ದು ಕೆರೆ ತುಂಬಿದ ದಿನ, ಕೆಂಚವ್ವ ಅಕ್ಕನಲ್ಲಿಗೆ ಓಡಿಬಂದಳು.

“ಅಕ್ಕಾ, ಸಂದು ಒಸರ್ತೈತೆ. ನಾಕು ಬುಟ್ಟಿ ಜೇಡಿ ಕೊಡಕ್ಕಾ, ನಾನೇ ತುಳೀತೀನಿ.”

ಮಾಳವ್ವ ಜೇಡಿರಾಶಿಯ ಪಕ್ಕದಲ್ಲೇ ನಿಂತಿದ್ದಳು. ಕೈ ಬುಟ್ಟಿಗೆ ಹೋಯಿತು. ಅಷ್ಟರಲ್ಲಿ ಸುತ್ತಲಿನ ಕರಿದಾರದವರೆಲ್ಲ ತನ್ನನ್ನೇ ನೋಡುತ್ತಿರುವುದು ಕಂಡಿತು.

“ನಿಮ್ಮೋರನ್ನ ಕೇಳೋಗು,” ಎಂದಳು.

ಕೆಂಚವ್ವ ಸೆರಗಿನಲ್ಲಿ ಮರಳುಮಣ್ಣನ್ನೇ ತುಂಬಿಕೊಂಡು ಸಂದಿಗಿಳಿದಳು. ತುಳಿಯುತ್ತಿರುವಾಗಲೇ ಏರಿ ಬಾಯಿಬಿಟ್ಟಿತು. ನೀರಿಳಿದ ಮೇಲೆ ಕೆಳಗಿನ ಹೊಲದಲ್ಲಿ ಹೆಣ ಸಿಕ್ಕಿತು. ಮಾಳವ್ವ ಎದೆ ಬಡಿದುಕೊಳ್ಳುತ್ತ ತಂಗಿಯ ತಲೆಯನ್ನು ತೊಡೆಗೆ ಎಳೆದುಕೊಳ್ಳಹೋದಳು. ಬಿಳಿದಾರದವರು ಅವಳ ಕೈ ತಳ್ಳಿದರು.

“ಮುಟ್ಟಬ್ಯಾಡ. ಇದು ನಮ್ಮೋರ ಹೆಣ.”

ಮಾಳವ್ವ ತಿರುಗಿ ತನ್ನವರನ್ನು ನೋಡಿದಳು. ಅಲ್ಲಿ ಆಗಲೇ, ಏರಿ ಒಡೆದದ್ದು ಯಾರ ತಪ್ಪು ಎಂಬ ಮಾತು ನಡೆದಿತ್ತು. ಅವಳು ದಾರ ಕಿತ್ತು ಕೆಸರಿಗೆಸೆದು ಊರು ಬಿಟ್ಟಳು ಎನ್ನುತ್ತಾರೆ. ಎಲ್ಲಿಗೆ ಹೋದಳೋ ಯಾರೂ ವಿಚಾರಿಸಲಿಲ್ಲ.

ಸಂದನ್ನು ಇಂದಿಗೂ ಮುಚ್ಚಿಲ್ಲ. ಬಡಗಣ ಏರಿಯ ಲಕ್ಕಿಗಿಡಗಳ ತುಂಬ ಕರಿದಾರ, ತೆಂಕಣ ಏರಿಯ ಗಿಡಗಳ ತುಂಬ ಬಿಳಿದಾರ. ಕೆಂಚವ್ವನಿಗೆ ಹರಕೆಯಂತೆ! ನೋಡಲು ಬಂದವರ ಮುಂದೆ ಪೂಜಾರಿ ಎರಡೂ ದಾರಗಳ ತಟ್ಟೆ ಹಿಡಿಯುತ್ತಾನೆ. ಈ ಊರಿನ ಗಂಧಗಾಳಿಯೂ ಇಲ್ಲದ ಜನ, ಕೈಗೆ ಸಿಕ್ಕಿದ್ದನ್ನು ಕಟ್ಟಿಕೊಳ್ಳುತ್ತಾರೆ. ಆಮೇಲೆ ಬುತ್ತಿ ಬಿಚ್ಚುವಾಗ ನೋಡಬೇಕು. ಯಾರೂ ಹೇಳದಿದ್ದರೂ ಕರಿದಾರದವರು ಈಚೆ, ಬಿಳಿದಾರದವರು ಆಚೆ ಕೂತಿರುತ್ತಾರೆ.