ರೇಡಿಯೋ ಹೇಳಿದಂತೆ ಕಟ್ಟಿದ ಬಾಣಂತಿ ಕೋಣೆ

ಒಬ್ಬಳು ತಾಯಿ, ಒಬ್ಬ ಮಗ. ತಾಯಿ ಓಬಕ್ಕ, ಮಗ ಕಾಟಣ್ಣ. ಕಾಟಣ್ಣನ ಮೈಯಲ್ಲಿ ಎರಡಾಳಿನ ಕಸುವಿತ್ತು. ಬುದ್ಧಿ ಮಾತ್ರ ಅರ್ಧ ಆಳಿನದೂ ಇರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಇದನ್ನು ಕೇಳಿ ನೀವು, ಅಂಥ ಮಗ ನಮಗೂ ಇರಬಾರದಿತ್ತೇ ಎಂದುಕೊಳ್ಳಬಹುದು. ಪೂರ್ತಿ ಕೇಳಿ, ಆಮೇಲೆ ಎಂದುಕೊಳ್ಳಿ.

ಓಬಕ್ಕನ ಮಗಳು ಪಾಲಮ್ಮ ಗಂಡನ ಊರಿನಲ್ಲಿ ಬಸುರಿ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ಆದರೆ ಹಿತ್ತಿಲಲ್ಲಿದ್ದ ಬಾಣಂತಿ ಕೋಣೆ ಹೋದ ಮಳೆಗೆ ನೆಲ ಕಚ್ಚಿತ್ತು. ಎರಡು ತಿಂಗಳಲ್ಲಿ ಅದು ಎದ್ದು ನಿಲ್ಲಬೇಕು. ಇಲ್ಲದಿದ್ದರೆ ಹಸುಗೂಸು, ಬಾಣಂತಿ ದನದ ಕೊಟ್ಟಿಗೆಯಲ್ಲಿ ಮಲಗಬೇಕು.

ಆಗ ಹೋಬಳಿಯ ರೇಡಿಯೋದಲ್ಲಿ ಭಾನುವಾರ ಬಿಟ್ಟು ದಿನಾ ಬೆಳಿಗ್ಗೆ ಹತ್ತಕ್ಕೆ ಮಣ್ಣಿನ ಮನೆ ಕಟ್ಟುವ ಪಾಠ ಶುರುವಾಗಿತ್ತು. ಪಾಠ ಹೇಳುವವರು ವಸುಂಧರಮ್ಮ ಎಂಬ ಎಂಜಿನಿಯರ್. ಓಬಕ್ಕ ರೇಡಿಯೋವನ್ನು ಮಗನ ಕೈಗೆ ಕೊಟ್ಟು, ಆಯಮ್ಮ ಹೇಳಿದಂತೆ ಮಾಡಪ್ಪಾ ಎಂದು ಹೇಳಿ ಕಳೆ ಕೀಳಲು ಹೋದಳು.

ವಸುಂಧರಮ್ಮ ಅಂದು ಹೇಳಿದ್ದು ಇಷ್ಟು: ದೂರದಿಂದ ಲಾರಿಯಲ್ಲಿ ಏನನ್ನೂ ತರಿಸಬೇಡಿ, ಮನೆ ಕಟ್ಟುವುದಕ್ಕೆ ನಿಮ್ಮ ಕಾಲ ಕೆಳಗಿನ ಮಣ್ಣೇ ಸಾಕು. ಕಾಟಣ್ಣ ಬಗ್ಗಿ ಕಾಲ ಕೆಳಗೆ ನೋಡಿದ. ನಿಂತಿದ್ದದ್ದು ಅಡಿಗೆಮನೆಯಲ್ಲಿ. ಗುದ್ದಲಿ ತಂದ.

ಸಂಜೆ ಓಬಕ್ಕ ಬಂದು ಹೊಸ್ತಿಲಲ್ಲೇ ನಿಂತುಬಿಟ್ಟಳು. ಒಲೆ ಇದ್ದ ಜಾಗದಲ್ಲಿ ಎದೆಮಟ್ಟದ ಗುಂಡಿ. ಗುಂಡಿಯಲ್ಲಿ ಮಗ.

ಹೊಟ್ಟೆಗೆ ಏನು ಮಣ್ಣು ತಿನ್ನೋಣವೇ ಎಂದು ಬೈದಳು. ಒಂದು ಮಾತು ಕಿವಿಗೆ ಬಿದ್ದ ಕೂಡಲೇ ಗುದ್ದಲಿ ಹಿಡಿಯುತ್ತಾರೆಯೇ? ಪಾಠ ಮುಗಿಯುವ ತನಕ ಕೂತು ಪೂರ್ತಿ ಕೇಳಬೇಕು. ಪೂರ್ತಿ ಕೇಳಿ, ಪೂರ್ತಿ ಮಾಡಬೇಕು.

ಆಗಲಿ ಅವ್ವಾ ಎಂದ ಕಾಟಣ್ಣ.

ಕೆರೆ ಮಣ್ಣು ತಂದ. ತುಳಿದ. ಅಚ್ಚಿನಲ್ಲಿ ಇಟ್ಟಿಗೆ ಹಾಕಿದ. ಒಂದಲ್ಲ ಎರಡಲ್ಲ, ಸಾವಿರ ಇಟ್ಟಿಗೆ. ಊರವರು ಬಂದು ನೋಡಿ ತಲೆದೂಗಿದರು. ಮರುದಿನ ಪೂರ್ತಿ ಪಾಠ ಕೇಳಿದ. ಕೊನೆಯಲ್ಲಿ ವಸುಂಧರಮ್ಮ, ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿದ ಇಟ್ಟಿಗೆಯಾದರೆ ಇಪ್ಪತ್ತೊಂದು ದಿನ ನೀರು ಹಾಕಬೇಕು ಎಂದರು. ಕಾಟಣ್ಣನ ಇಟ್ಟಿಗೆಯಲ್ಲಿ ಸಿಮೆಂಟು ಇರಲಿಲ್ಲ, ಯಂತ್ರವನ್ನು ಅವನು ಕಂಡೂ ಇರಲಿಲ್ಲ. ಆದರೆ ಪೂರ್ತಿ ಮಾಡಬೇಕಲ್ಲ. ಕೊಡದ ಮೇಲೆ ಕೊಡ ಹೊತ್ತು ಹಾಕಿದ.

ಓಬಕ್ಕ ಬಂದಾಗ ಹಿತ್ತಿಲ ತುಂಬ ಕೆಸರು. ಒಂದು ಇಟ್ಟಿಗೆಯ ಮೂಲೆಯೂ ಉಳಿದಿರಲಿಲ್ಲ. ಎದೆಯ ಮೇಲೆ ಕೈಯಿಟ್ಟುಕೊಂಡು ಕೂತಳು. ಕೂತಲ್ಲಿಂದಲೇ ಬೈದಳು. ಬರೀ ಮಣ್ಣಿಗೆ ನೀರು ತಾಕಿಸುತ್ತಾರೆಯೇ? ನೀರಲ್ಲಿದ್ದರೆ ಎತ್ತಿ ಬಿಸಿಲಿಗೆ ಹಾಕಬೇಕು, ಹೊತ್ತುಹೊತ್ತಿಗೆ ಮಗ್ಗುಲು ಹೊರಳಿಸಬೇಕು.

ಆಗಲಿ ಅವ್ವಾ ಎಂದ ಕಾಟಣ್ಣ.

ತಾಯಿ ಮಗ ಸೇರಿ ಮತ್ತೆ ಸಾವಿರ ಇಟ್ಟಿಗೆ ಹಾಕಿದರು. ಬಿಸಿಲಿಗೆ ಒಣಗಿದವು. ಗೋಡೆಗೆ ಬಳಿಯಲು ಸುಣ್ಣ ಬೇಕು, ಅದು ಹದಿನೈದು ದಿನ ನೀರಲ್ಲಿ ನೆನೆಯಬೇಕು ಎಂದು ರೇಡಿಯೋ ಹೇಳಿತು. ಓಬಕ್ಕ ತಾನೇ ಸುಣ್ಣ ತಂದು ಹಂಡೆಯಲ್ಲಿ ನೆನೆಹಾಕಿ, ಇದನ್ನು ನೋಡಿಕೊಂಡಿರು ಎಂದು ಹೇಳಿ ಸಂತೆಗೆ ಹೋದಳು.

ಕಾಟಣ್ಣ ನೋಡಿದ. ನೋಡಿ ಗಾಬರಿಯಾದ. ನೀರು ತಾಕಬಾರದೆಂದು ತನಗೆ ಬೈದವಳು ತಾನೇ ನೀರಿಗೆ ಹಾಕಿ ಹೋಗಿದ್ದಾಳಲ್ಲ! ಬರಿಗೈಯಲ್ಲಿ ಸುಣ್ಣವನ್ನೆಲ್ಲ ಬಾಚಿ ಬಂಡೆಯ ಮೇಲೆ ಹರಡಿದ. ಹೊತ್ತುಹೊತ್ತಿಗೆ ಮಗ್ಗುಲು ಹೊರಳಿಸಿದ. ಸಂಜೆಗೆ ಸುಣ್ಣ ಒಣಗಿ ಕೆಲಸಕ್ಕೆ ಬಾರದ ಹೆಂಟೆಯಾಗಿತ್ತು. ಅಂಗೈ ಎರಡೂ ಬೆಂದು ಬೊಬ್ಬೆ ಎದ್ದಿದ್ದವು.

ಆ ಕೈ ನೋಡಿ ಓಬಕ್ಕನ ಬೈಗುಳ ಅರ್ಧಕ್ಕೇ ನಿಂತಿತು. ಬೆಣ್ಣೆ ಹಚ್ಚಿದಳು. ಹಚ್ಚುತ್ತಲೇ ಹೇಳಿದಳು:

"ನೋಡು ಮಗನೇ, ತಪ್ಪು ನಂದೇ. ನಾನು ಹೇಳಿದ್ದನ್ನ ಇನ್ನು ಮರೆತುಬಿಡು. ನಿನ್ನ ತಲೆ ಅಂತೂ ಓಡಿಸಲೇಬೇಡ. ಆ ರೇಡಿಯೋ ಅಮ್ಮ ಓದಿದಾಕೆ. ಆಕೆ ಎಷ್ಟು ಹೇಳ್ತಾಳೋ ಅಷ್ಟು ಮಾಡು. ಹೇಳದ್ದು ಒಂದೂ ಮಾಡಬೇಡ."

ಆಗಲಿ ಅವ್ವಾ ಎಂದ ಕಾಟಣ್ಣ.

ಕೈ ಮಾಯುವ ಹೊತ್ತಿಗೆ ಪಾಲಮ್ಮನಿಗೆ ದಿನ ತುಂಬುತ್ತ ಬಂದಿತ್ತು. ಕರೆತರಲು ಓಬಕ್ಕ ಬೀಗರ ಊರಿಗೆ ಹೋದಳು. ಹೋದವಳನ್ನು ಬೀಗರು ಒಂಬತ್ತು ದಿನ ಬಿಡಲಿಲ್ಲ.

ಆ ದಿನಗಳಲ್ಲಿ ರೇಡಿಯೋ ಗೋಡೆಯ ಪಾಠ ಹೇಳಿತು. ಮೂಲೆಗೆ ದಾರ ಹಿಡಿಯಿರಿ. ದಿನಕ್ಕೆ ಮೂರೇ ವರಸೆ ಇಟ್ಟಿಗೆ ಕಟ್ಟಿ. ಬೆರಳು ತೂರುವಷ್ಟೂ ಸಂದು ಬಿಡಬೇಡಿ. ಕಾಟಣ್ಣ ಇಟ್ಟಿಗೆಯನ್ನೆಲ್ಲ ನಡುವೆ ಪೇರಿಸಿಕೊಂಡು, ತಾನೂ ನಡುವೆ ನಿಂತು ಸುತ್ತ ಕಟ್ಟುತ್ತ ಹೋದ. ದಿನಕ್ಕೆ ಮೂರೇ ವರಸೆ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಗೋಡೆ ಮೊಣಕಾಲಿಗೆ ಬಂತು, ಎದೆಗೆ ಬಂತು, ತಲೆ ದಾಟಿತು. ಪಕ್ಕದ ಮನೆಯ ದುರುಗಜ್ಜಿ ನೀರು, ಮುದ್ದೆ ಬುಟ್ಟಿಯಲ್ಲಿಟ್ಟು ಹಗ್ಗ ಕಟ್ಟಿ ಇಳಿಬಿಡತೊಡಗಿದಳು. ಹೊರಗೆ ಹೇಗೆ ಬರುತ್ತೀಯೋ ಎಂದು ಕೇಳಿದರೆ, ಅದನ್ನಿನ್ನೂ ಹೇಳಿಲ್ಲಜ್ಜಿ ಎಂದನಂತೆ.

ಶನಿವಾರ ಮಧ್ಯಾಹ್ನ ಓಬಕ್ಕ ಮಗಳನ್ನು ಗಾಡಿಯಲ್ಲಿ ಕರೆತಂದಳು. ದಾರಿಯ ಕುಲುಕಾಟಕ್ಕೆ ಪಾಲಮ್ಮನಿಗೆ ಆಗಲೇ ಸೊಂಟ ಹಿಡಿದು ನೋವು ಕಾಣಿಸಿಕೊಂಡಿತ್ತು. ಮಲಗಲು ಜಾಗ ಬೇಕು, ಈಗಲೇ ಬೇಕು. ಹಿತ್ತಿಲಿಗೆ ಬಂದು ನೋಡಿದರೆ, ಎಂಥ ಗೋಡೆ! ದಾರ ಹಿಡಿದಷ್ಟು ನೇರ. ಊರಿನ ಯಾವ ಗಾರೆಯವನೂ ಅಂಥ ಗೋಡೆ ಕಟ್ಟಿರಲಿಲ್ಲ. ಓಬಕ್ಕನ ಕಣ್ಣು ತುಂಬಿ ಬಂತು. ಮುಂದಿನಿಂದ ನೋಡಿದಳು. ಬಲಕ್ಕೆ ಹೋದಳು, ಹಿಂದಕ್ಕೆ ಹೋದಳು, ಎಡಕ್ಕೆ ಬಂದಳು. ಮತ್ತೊಂದು ಸುತ್ತು ಬಂದಳು. ಎರಡನೆಯ ಸುತ್ತಿಗೆ ಅವಳ ಮುಖದಲ್ಲಿ ರಕ್ತವಿರಲಿಲ್ಲ.

ಇಷ್ಟು ದಿನ ಮಗನನ್ನು ಬೈದವಳು ಅಂದು ತನ್ನನ್ನೇ ಬೈದುಕೊಂಡಳು. ಅಲ್ಲೇ ನೆಲದ ಮೇಲೆ ಕೂತು ಹಣೆ ಚಚ್ಚಿಕೊಂಡಳು.

ಪಾಲಮ್ಮ ಗೋಡೆಗೆ ಒಂದು ಕೈ, ಹೊಟ್ಟೆಗೆ ಒಂದು ಕೈ ಕೊಟ್ಟು ನಿಂತು, ಹಲ್ಲು ಕಚ್ಚಿ ಕೂಗಿದಳು:

"ಅಣ್ಣಾ, ನಾನು ಎಲ್ಲಿಂದ ಒಳಗೆ ಬರಲಿ?"

ಗೋಡೆಯ ಆಚೆಯಿಂದ ಕಾಟಣ್ಣನ ದನಿ ಬಂತು:

"ಒಂದೆರಡು ದಿನ ತಡ್ಕೋ ತಂಗ್ಯವ್ವ. ನಾಳೆ ಭಾನುವಾರ ಆಯಮ್ಮನಿಗೆ ರಜಾ. ಬಾಗಿಲ ಪಾಠ ಸೋಮವಾರ ಐತಂತೆ."